ಈಶಾನ್ಯದ ಮೆಟ್ಟಿಲು

ನಮ್ಮ ಯಜಮಾನರಿಗೆ ಹೃದಯಾಘಾತವಾದದ್ದು ಕುರ್ಚಿಯಲ್ಲಿ. ಇದನ್ನು ನಾನು ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದೇನೋ, ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಅವತ್ತು ಬೆಳಿಗ್ಗೆ ಹಾಲ್‌ನಲ್ಲಿ ಪೇಪರ್ ಓದುತ್ತಾ ಕೂತಿದ್ದಾಗಲೇ ಅವರಿಗೆ ಎದೆ ಹಿಡಿದುಕೊಂಡಿತ್ತು. ಗ್ಯಾಸ್ ಇರಬೇಕು ಎಂದು ತಾವೇ ತೀರ್ಮಾನ ಮಾಡಿ, ಅಡುಗೆಮನೆಯಲ್ಲಿದ್ದ ನನಗೆ ಒಂದು ಮಾತೂ ಹೇಳದೆ, ಸೋಡಾ ಕುಡಿದು, ಸ್ವಲ್ಪ ಹೊತ್ತು ಮಲಗೋಣವೆಂದು ಮಹಡಿಯ ರೂಮಿಗೆ ಹೊರಟಿದ್ದಾರೆ. ಮೆಟ್ಟಿಲು ತಿರುಗುವ ಜಾಗದಲ್ಲಿ ಕುಸಿದು ಕೂತರು. ನಾನು ನೋಡಿದ್ದು ಅಲ್ಲಿ, ಪಕ್ಕದ ಮನೆಯವರು ಬಂದು ಎತ್ತಿದ್ದು ಅಲ್ಲಿಂದ. ಅಷ್ಟೇ ಸಾಕಾಯಿತು. ಕುರ್ಚಿಯನ್ನು ಯಾರೂ ದೂರಲಿಲ್ಲ. ಮೂವತ್ತು ವರ್ಷ ಕೂತು ಕೆಲಸ ಮಾಡಿದ ಆಫೀಸನ್ನು ದೂರಲಿಲ್ಲ. ಸಂಜೆ ಸಂಜೆ ತರಿಸಿಕೊಳ್ಳುತ್ತಿದ್ದ ಬೋಂಡಾ, ಬಜ್ಜಿಗಳ ಹೆಸರೂ ಬರಲಿಲ್ಲ. ಮೆಟ್ಟಿಲಿನ ಮೇಲೆ ಮಾತ್ರ ಅಪವಾದ ಬಂತು.

ಮನೆ ನಮ್ಮ ಮಾವನವರು ಕಟ್ಟಿಸಿದ್ದು. ಬಸವೇಶ್ವರನಗರ ಇನ್ನೂ ಖಾಲಿ ಸೈಟುಗಳ ಊರಾಗಿದ್ದಾಗ ಚಿತ್ರದುರ್ಗದ ಕಡೆಯಿಂದ ಬಂದು, ಮೂವತ್ತು-ನಲವತ್ತರ ಸೈಟು ಹಿಡಿದು, ಕೆಳಗೆ ಹಾಲ್, ಅಡುಗೆಮನೆ, ಒಂದು ಚಿಕ್ಕ ಕೋಣೆ, ಮೇಲೆ ದೊಡ್ಡ ರೂಮು, ಅದರ ಮೇಲೆ ತಾರಸಿ ಎಂದು ಕಟ್ಟಿಸಿದರು. ಮೆಟ್ಟಿಲು ಮನೆಯೊಳಗೇ ಇದೆ, ಕೆಂಪು ಗಾರೆಯದು. ಮಾವನವರು ಸಾಯುವ ವರ್ಷದವರೆಗೂ ಅದನ್ನು ಹತ್ತಿ ತಾರಸಿಗೆ ಹೋಗಿ ನೀರಿನ ಟ್ಯಾಂಕಿನೊಳಗೆ ಇಣುಕಿ ನೋಡಿ ಬರುತ್ತಿದ್ದರು. ನಾನಂತೂ ಮದುವೆಯಾಗಿ ಬಂದ ಮಾರನೇ ದಿನದಿಂದ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಹತ್ತುತ್ತಿದ್ದೇನೆ. ನನ್ನ ಹೃದಯ ಹೇಗಿದೆ ಎಂದು ಆ ಮೆಟ್ಟಿಲಿನ ನೆಪದಲ್ಲಾದರೂ ಯಾರೂ ಕೇಳಿಲ್ಲ. ಹೆಂಗಸು ಹತ್ತಿದರೆ ಅದು ಮನೆಗೆಲಸ. ಗಂಡಸು ಹತ್ತಿದರೆ ವ್ಯಾಯಾಮ, ಇಲ್ಲವೇ ಅಪಾಯ.

ಸ್ಟೆಂಟ್ ಹಾಕಿ ಮನೆಗೆ ಕಳಿಸುವ ಮುಂಚೆ ಆಸ್ಪತ್ರೆಯವರೇ ಅವರನ್ನು ಒಂದು ಮಹಡಿ ಹತ್ತಿಸಿ ಇಳಿಸಿದ್ದರು. ಪಕ್ಕದಲ್ಲಿ ನಾನಿದ್ದೆ. ಡಾಕ್ಟರು ಕನ್ನಡದಲ್ಲೇ ಬಿಡಿಸಿ ಹೇಳಿದರು. "ಮನೇಲಿ ಮೆಟ್ಟಿಲಿದೆಯಲ್ಲ, ಒಳ್ಳೇದಾಯ್ತು. ಮೊದಲು ದಿನಕ್ಕೊಂದು ಸಲ, ಆಮೇಲೆ ನಿಧಾನವಾಗಿ ಜಾಸ್ತಿ ಮಾಡಿ. ಹತ್ತುವಾಗ ಮಾತಾಡೋಕಾಗಬೇಕು. ಮಾತು ಕಟ್ಟಿದ್ರೆ ನಿಂತ್ಕೊಳ್ಳಿ, ಎದೆ ನೋವು ಬಂದ್ರೆ ಇಲ್ಲಿಗೆ ಬನ್ನಿ." ಇದಕ್ಕಿಂತ ಸರಳವಾಗಿ ಹೇಳುವುದು ಸಾಧ್ಯವೇ? ನಮ್ಮ ಯಜಮಾನರು ತಲೆಯಾಡಿಸಿದರು. ಮನೆಗೆ ಬಂದವರು ಹಾಲ್‌ನ ದಿವಾನದ ಮೇಲೆ ಮಲಗಿದರು, ಮಲಗಿಯೇ ಇದ್ದರು.

ಅದಕ್ಕೆ ಕಾರಣ, ನೋಡಿಕೊಂಡು ಹೋಗಲು ಬಂದವರು. ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರದಿದ್ದರೆ ಸಂಬಂಧ ಕಡಿದುಕೊಂಡಂತೆ ಲೆಕ್ಕ. ಹೀಗಾಗಿ ದಾವಣಗೆರೆಯಿಂದ ಬಂದರು, ಹೊಸದುರ್ಗದಿಂದ ಬಂದರು, ವಿಜಯನಗರದಿಂದ, ಕೆಂಗೇರಿ ಉಪನಗರದಿಂದ ಬಂದರು. ಒಂದು ಕೈಯಲ್ಲಿ ಮೋಸಂಬಿ, ಇನ್ನೊಂದು ಕೈಯಲ್ಲಿ ಸಲಹೆ. ಒಬ್ಬೊಬ್ಬರೂ ದಿವಾನದ ಎದುರು ಕೂತು, ಮೊದಲು ಮೆಟ್ಟಿಲಿನ ಕಡೆ ತಿರುಗಿ ನೋಡಿ, ಲೊಚಗುಟ್ಟಿ, ಆಮೇಲೆ ಮಾತು ಶುರು ಮಾಡುತ್ತಿದ್ದರು. "ಇಲ್ಲೇ ಅಲ್ವಾ ಬಿದ್ದಿದ್ದು? ಇನ್ಮೇಲೆ ಅದರ ಸಹವಾಸ ಬೇಡಪ್ಪ." ಅವರ ಪರಿಚಯದ ಯಾರೋ ಒಬ್ಬರು ಮೆಟ್ಟಿಲು ಹತ್ತುವಾಗಲೇ ಹೋದ ಕಥೆ ಪ್ರತಿಯೊಬ್ಬರ ಬಳಿಯೂ ಇತ್ತು. ಹಾಸಿಗೆಯಲ್ಲಿ ಮಲಗಿದ್ದಾಗಲೇ ಹೋದವರ ಕಥೆಗಳು ಎಷ್ಟು ಬೇಕಾದರೂ ಇರಬೇಕು, ಅವನ್ನು ಯಾರೂ ಹೇಳಲಿಲ್ಲ. ನಾನು ಕಾಫಿ ಬೆರೆಸಿ ಬೆರೆಸಿ ಕೊಟ್ಟೆ. ಡಾಕ್ಟರು ಹೇಳಿದ್ದು ಬೇರೆ ಎಂದು ಬಾಯಿ ತೆರೆದರೆ, "ಡಾಕ್ಟರ್ ಹೇಳ್ತಾರೆ ಕಣಮ್ಮ, ಅವರಿಗೇನು" ಎನ್ನುತ್ತಿದ್ದರು.

ನಮ್ಮ ಯಜಮಾನರಿಗೆ ಭಯವಾಗಿತ್ತು, ಅದು ನನಗೆ ಗೊತ್ತು. ಆದರೆ ಭಯದ ಜೊತೆಗೆ ಒಂದು ರುಚಿಯೂ ಹತ್ತಿತ್ತು, ಅದೂ ನನಗೆ ಗೊತ್ತು. ನೀರು ಬೇಕಾದರೆ ಕೂಗುವುದು, ರಿಮೋಟ್ ಕೈಗೆ ಕೊಡಿಸಿಕೊಳ್ಳುವುದು, ಯಾರಾದರೂ ಬಂದ ಕೂಡಲೇ ದನಿ ಇಳಿಸಿ ಮಾತಾಡುವುದು. ಬಟ್ಟೆಯ ಬೀರು ಮೇಲಿತ್ತು. ಅವರ ಬನಿಯನ್, ಪಂಚೆ, ಶಾಲುಗಳಿಗಾಗಿ ನಾನು ದಿನವಿಡೀ ಹತ್ತಿ ಇಳಿಯುತ್ತಿದ್ದೆ. ತಮ್ಮ ಕಾಲಿನ ಕೆಲಸವನ್ನೆಲ್ಲ ನನ್ನ ಕಾಲಿಗೆ ಬರೆದುಕೊಟ್ಟು ಅವರು ಸೀಲಿಂಗ್ ಫ್ಯಾನ್ ನೋಡುತ್ತಿದ್ದರು. ಅರವತ್ತು ದಾಟಿ ಇನ್ನೂ ಮೂರು ವರ್ಷವಾಗಿರಲಿಲ್ಲ.

ವಾಕಿಂಗ್ ಆದರೂ ಹೋಗಿ ಎಂದೆ. ಒಂದು ದಿನ ಕರೆದುಕೊಂಡೂ ಹೋದೆ. ನಮ್ಮ ರಸ್ತೆಯ ಫುಟ್‌ಪಾತಿನ ಮೇಲೆ ಒಬ್ಬರ ಕಾರು ಕವರ್ ಹೊದ್ದು ಮಲಗಿದೆ, ಅದರಾಚೆ ಟ್ರಾನ್ಸ್‌ಫಾರ್ಮರ್, ಅದರಾಚೆ ಚಪ್ಪಡಿ ಹೋದ ಚರಂಡಿ. ರಸ್ತೆಗೆ ಇಳಿದರೆ ಬೈಕಿನವನು ಹಾರ್ನ್ ಹೊಡೆದು, "ಸೈಡಲ್ಲಿ ಹೋಗಿ ಅಂಕಲ್" ಎಂದ. ಯಾವ ಸೈಡಪ್ಪ? ಪಾರ್ಕಿಗೆ ಹೋಗುವಷ್ಟರಲ್ಲಿ ಬೀಗ ಹಾಕಿತ್ತು. ಮಲ್ಲತ್ತಹಳ್ಳಿ ಕೆರೆಯ ಸುತ್ತ ನಡೆಯಬಹುದು ಎಂದರು ಯಾರೋ. ನಡೆಯುವುದಕ್ಕೋಸ್ಕರ ಆಟೊ ಹಿಡಿದು ಹೋಗಬೇಕು. ಬಿಸಿಲಿಲ್ಲದ, ಮಳೆಯಿಲ್ಲದ, ನಾಯಿಯಿಲ್ಲದ, ಬೀಗವಿಲ್ಲದ, ಯಾರಿಗೂ ಕಾಸು ಕೊಡಬೇಕಿಲ್ಲದ ವ್ಯಾಯಾಮಶಾಲೆ ಮನೆಯೊಳಗೇ ಇರುವಾಗ ನಾವು ಊರು ಸುತ್ತುತ್ತಿದ್ದೆವು.

ಅಷ್ಟರಲ್ಲಿ ಭಾವನವರು ಟ್ರೆಡ್‌ಮಿಲ್ ಕಳಿಸಿದರು. ಭಾವ ಎಂದರೆ ನಮ್ಮ ಯಜಮಾನರ ಅಣ್ಣ. ರಾಜಾಜಿನಗರದಲ್ಲಿ ಲಿಫ್ಟ್ ಇರುವ ಫ್ಲ್ಯಾಟಿನಲ್ಲಿದ್ದಾರೆ, ದೊಡ್ಡ ಹುದ್ದೆಯಿಂದ ನಿವೃತ್ತರು. ಕೆಟ್ಟವರಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ತಮ್ಮನಿಗಾಗಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತವರು. ಆದರೆ ಕಾಳಜಿ ಎಂದರೆ ಅಪ್ಪಣೆ ಎಂದು ತಿಳಿದವರು. ಟ್ರೆಡ್‌ಮಿಲ್ ಇಡಲು ಹಾಲ್‌ನಲ್ಲಿ ಉಳಿದಿದ್ದ ಜಾಗ ಒಂದೇ, ಮೆಟ್ಟಿಲಿನ ಬುಡ. ತಂದವರು ಅಲ್ಲೇ ಇಟ್ಟು ಹೋದರು. ಅದರ ಮೇಲೆ ನಮ್ಮ ಯಜಮಾನರು ಎರಡು ದಿನ ನಡೆದು, ತಲೆ ತಿರುಗುತ್ತದೆ ಎಂದು ಬಿಟ್ಟರು. ಆಮೇಲೆ ಅದರ ಕಂಬಿಗಳ ಮೇಲೆ ಟವೆಲ್ ಒಣಗಿದವು. ಬಕೆಟ್ ಹಿಡಿದು ಹತ್ತಬೇಕಾದ ನಾನು ಆ ಯಂತ್ರದ ಪಕ್ಕದಲ್ಲಿ ಅಡ್ಡಡ್ಡವಾಗಿ ನುಸುಳಬೇಕಾಯಿತು.

ಒಂದು ದಿನ ಹಾಗೆ ನುಸುಳುವಾಗ ಮೊಣಕಾಲಿಗೆ ಕಂಬಿ ಬಡಿಯಿತು. ನೋವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಬಕೆಟ್ ಕೆಳಗಿಟ್ಟು ದಿವಾನದ ಹತ್ತಿರ ಹೋದೆ. "ಏಳ್ರೀ. ಶರ್ಟ್ ಬೇಕಾದ್ರೆ ಮೇಲಿದೆ, ಬಂದು ಹಾಕ್ಕೊಳ್ಳಿ. ನಾನು ಇನ್ಮೇಲೆ ತರಲ್ಲ" ಎಂದೆ. ಅವರು ನನ್ನ ಮುಖ ನೋಡಿದರು. ಅದರಲ್ಲಿ ಏನು ಕಂಡರೋ, ಎದ್ದರು. ಹಿಂದೆ ನಾನು ನಿಂತೆ, ಮುಂದೆ ಅವರು. ಮಾತಾಡುತ್ತಾ ಹತ್ತಬೇಕಲ್ಲ, ಏನು ಮಾತಾಡುವುದು? ಜಗಳ ತೆಗೆದೆ. ಅದಕ್ಕೆ ನಮ್ಮ ಮನೆಯಲ್ಲಿ ಬರವಿಲ್ಲ. ನನ್ನ ತಂಗಿಯ ಮದುವೆಗೆ ತಡವಾಗಿ ಬಂದದ್ದರಿಂದ ಹಿಡಿದು ಎದೆ ನೋವನ್ನು ನನ್ನಿಂದ ಮುಚ್ಚಿಟ್ಟದ್ದರವರೆಗೆ ಒಂದೊಂದಾಗಿ ಎತ್ತಿದೆ. ಮೊದಲ ದಿನ "ಹೂಂ" ಎಂದಷ್ಟೇ ಉತ್ತರ, ತಿರುವಿನಲ್ಲಿ ನಿಂತು ದಮ್ಮು ತೆಗೆದುಕೊಂಡರು. ದಿನಾ ಎಬ್ಬಿಸಿದೆ. ಕೆಲವು ವಾರ ಕಳೆಯುವಷ್ಟರಲ್ಲಿ ತಿರುವಿನಲ್ಲಿ ನಿಲ್ಲುವುದು ಬಿಟ್ಟರು. ಒಂದು ಬೆಳಿಗ್ಗೆ ತಂಗಿಯ ಮದುವೆಯ ವಿಷಯ ಎತ್ತಿದ್ದೇ ತಡ, ಹತ್ತುತ್ತಲೇ ಹಿಂದೆ ತಿರುಗಿ, "ಲೇಟಾಗಿದ್ದು ನಾನಲ್ಲ ಕಣೇ, ನಿಮ್ಮಪ್ಪ ಕಳಿಸಿದ ಕಾರು" ಎಂದು ಪೂರ್ತಿ ವಾಕ್ಯದಲ್ಲಿ ಎದುರುತ್ತರ ಕೊಟ್ಟರು. ಅವತ್ತು ನಾನು ಬೇಕೆಂದೇ ಜಗಳದಲ್ಲಿ ಸೋತೆ. ಡಾಕ್ಟರು ಪರೀಕ್ಷೆ ಮಾಡಿ, "ಇದನ್ನೇ ಮುಂದುವರಿಸಿ" ಎಂದರು. ಆದರೂ ರಾತ್ರಿ ಮಲಗುವುದಕ್ಕೆ ದಿವಾನವೇ ಬೇಕಿತ್ತು ಅವರಿಗೆ. ನೆಂಟರ ಮಾತು ಎದೆಯೊಳಗೆ ಸ್ಟೆಂಟಿಗಿಂತ ಗಟ್ಟಿಯಾಗಿ ಕೂತಿತ್ತು.

ಇಷ್ಟಾದ ಮೇಲೆ ಭಾವನವರು ವಾಸ್ತು ನೋಡುವವರನ್ನು ಕರೆತಂದರು. ಆತ ಹಾಲ್‌ನ ನಡುವೆ ನಿಂತು, ಫೋನಿನಲ್ಲಿ ದಿಕ್ಸೂಚಿ ತೆರೆದು, ಒಂದು ಸುತ್ತು ತಿರುಗಿದ. ಮೆಟ್ಟಿಲಿನ ಕಡೆ ಮುಖ ಮಾಡಿದವನೇ ನಿಂತುಬಿಟ್ಟ. ಈಶಾನ್ಯ. ದೇವಮೂಲೆಯಲ್ಲಿ ಭಾರ ಹೊರಿಸಿದ್ದೀರಿ, ಯಜಮಾನನ ಎದೆಗೆ ಪೆಟ್ಟು ಬೀಳದೆ ಇನ್ನೇನಾಗುತ್ತೆ ಎಂದ. ಭಾವನವರು ನನ್ನ ಕಡೆ ನೋಡಿ, ನಾನು ಹೇಳಲಿಲ್ಲವಾ ಎನ್ನುವಂತೆ ಕಣ್ಣು ಅರಳಿಸಿದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿಯಲು ಕಲಿಯುತ್ತಿರುವವನಿಗೆ ಊರೆಲ್ಲ ಸೇರಿ ನೆಲ ಡೊಂಕು ಎಂದು ಹೇಳಿಕೊಡುತ್ತಿತ್ತು.

"ಮಾವನವರು ಇದೇ ಮೆಟ್ಟಿಲು ಹತ್ತಿ ತೊಂಬತ್ತರ ಹತ್ತಿರ ಬದುಕಿದ್ರಲ್ಲ ಭಾವ" ಎಂದೆ.

"ಅವರ ಜಾತಕ ಬೇರೆ ಕಣಮ್ಮ."

"ಇವರು ದಿನಾ ಹತ್ತುತ್ತಾ ಇದಾರೆ. ಹುಷಾರಾಗ್ತಾ ಇದಾರೆ."

"ಹತ್ತಿಸ್ತಾ ಇದೀಯಾ?" ಭಾವನವರ ಮುಖ ಕೆಂಪಾಯಿತು. "ಏನಾದ್ರೂ ಆದ್ರೆ ಯಾರಮ್ಮ ಜವಾಬ್ದಾರಿ?"

ಆ ಪ್ರಶ್ನೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಮಲಗಿಸಿ ಮಲಗಿಸಿ ಅವರ ಕಾಲು ಕಡ್ಡಿಯಾದಾಗ ಜವಾಬ್ದಾರಿಯ ಮಾತು ಯಾರ ಬಾಯಲ್ಲೂ ಇರಲಿಲ್ಲ. ನಾನು ನಮ್ಮ ಯಜಮಾನರ ಕಡೆ ನೋಡಿದೆ. ಅವರು ಅಣ್ಣನ ಎದುರು ಯಾವತ್ತೂ ದನಿ ಎತ್ತಿದವರಲ್ಲ. ತಲೆ ತಗ್ಗಿಸಿ ಪಂಚೆಯ ಅಂಚು ಸರಿಮಾಡಿಕೊಂಡರು. ನನ್ನ ಪಾಲಿಗೆ ಅದು ಭಾವನವರ ಮಾತಿಗಿಂತ ಕೆಟ್ಟದಾಗಿತ್ತು.

ತೀರ್ಮಾನ ಅಲ್ಲೇ ಆಯಿತು. ಒಳಗಿನ ಮೆಟ್ಟಿಲು ಒಡೆಯುವುದು. ಹೊರಗೆ ನೈಋತ್ಯದಲ್ಲಿ ಕಬ್ಬಿಣದ ಮೆಟ್ಟಿಲು ಹಾಕಿಸಿ ಮೇಲಿನ ರೂಮನ್ನು ಬಾಡಿಗೆಗೆ ಕೊಡುವುದು. ನಾವಿಬ್ಬರೂ ಕೆಳಗೆ ಚಿಕ್ಕ ಕೋಣೆಯಲ್ಲಿರುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು. ಮೆಟ್ಟಿಲು ಹೋದರೆ ಇವರು ಮತ್ತೆ ದಿವಾನಕ್ಕೆ ಬೀಳುತ್ತಾರೆ, ಈ ಸಲ ಏಳುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಒಂದು ವಾರ ಅವರ ಜೊತೆ ಮಾತು ಬಿಟ್ಟೆ. ಮಾತು ಬಿಟ್ಟದ್ದರಿಂದ ಹತ್ತುವುದೂ ನಿಂತಿತು.

ಒಳ್ಳೆಯ ದಿನ ನೋಡಿ ಗಾರೆಯವರು ಬಂದರು. ಮೊದಲ ಮೆಟ್ಟಿಲಿಗೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ತೆಂಗಿನಕಾಯಿ ಒಡೆದರು. ಕೊಲ್ಲುವುದಕ್ಕೆ ಮುಂಚೆ ಪೂಜೆ ಮಾಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಮೊದಲ ಏಟು ಯಜಮಾನನೇ ಹಾಕಬೇಕು ಎಂದ ವಾಸ್ತುವಿನವನು. ಭಾವನವರು ಸುತ್ತಿಗೆಯನ್ನು ತಮ್ಮನ ಕೈಗೆ ಕೊಟ್ಟು, "ಸುಮ್ನೆ ಮುಟ್ಟಿಸು ಸಾಕು, ಭಾರ ಎತ್ತಬೇಡ" ಎಂದರು. ಅಷ್ಟರಲ್ಲಿ ಗಾರೆಯವರ ಪೈಕಿ ಒಬ್ಬ, ಮೇಲಿನ ರೂಮಿನ ಬಾಡಿಗೆಗೆ ಜನ ಸಿಕ್ಕರಾ ಎಂದು ಕೇಳಿದ. ಸಿಕ್ಕಿದ್ದಾರೆ, ಶ್ರೀಗಂಧದ ಕಾವಲಿನ ಕಡೆ ಕೆಲಸ ಮಾಡುವ ಇಬ್ಬರು ಹುಡುಗರು, ಮುಂದಿನ ತಿಂಗಳೇ ಬರುತ್ತಾರೆ ಎಂದರು ಭಾವನವರು. ನನಗೇ ಅದು ಹೊಸ ಸುದ್ದಿ. ನಮ್ಮ ಯಜಮಾನರಿಗೂ ಹೊಸದು ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

ಅವರು ಸುತ್ತಿಗೆಯನ್ನು ನೆಲಕ್ಕಿಟ್ಟರು. ಕುಂಕುಮ ತುಳಿಯದಂತೆ ಮೊದಲ ಮೆಟ್ಟಿಲನ್ನು ದಾಟಿ ಎರಡನೆಯದಕ್ಕೆ ಕಾಲು ಹಾಕಿ, ಹತ್ತಿಹೋದರು. ತಿರುವಿನಲ್ಲಿ ನಿಲ್ಲಲಿಲ್ಲ. ಮೇಲೆ ರೂಮಿನ ಬಾಗಿಲು ತೆರೆದ ಸದ್ದು, ಮಂಚ ಕಿರ್ ಎಂದ ಸದ್ದು ಕೇಳಿತು. ಕೆಳಗೆ ಎಲ್ಲರೂ ಕಾದೆವು. ಅವರು ಬರಲಿಲ್ಲ.

"ಏನೋ ಮಾಡ್ತಾ ಇದೀಯಾ? ಇಳಿದು ಬಾರೋ, ಮುಹೂರ್ತ ಮೀರುತ್ತೆ" ಎಂದು ಭಾವನವರು ಕೂಗಿದರು.

"ಬರಲ್ಲ ಅಣ್ಣ. ನೀವು ಒಡೆಯೋದು ಒಡೀರಿ. ನಾನು ಮೇಲೇ ಇರ್ತೀನಿ."

ಗಾರೆಯವರು ಮುಖಮುಖ ನೋಡಿಕೊಂಡರು. ಭಾವನವರು ನನ್ನ ಕಡೆ ತಿರುಗಿ, "ನೀನಾದ್ರೂ ಹೋಗಿ ಹೇಳಮ್ಮ ಅವನಿಗೆ" ಎಂದರು. ಇಷ್ಟು ತಿಂಗಳಲ್ಲಿ ಅವರು ನನ್ನನ್ನು ಏನನ್ನಾದರೂ ಹೇಳು ಎಂದು ಕೇಳಿದ್ದು ಅದೇ ಮೊದಲು.

ಹತ್ತಿ ಹೋದೆ. ನಮ್ಮ ಯಜಮಾನರು ಕಿಟಕಿಯ ಪಕ್ಕ ತಮ್ಮ ಹಳೆಯ ಜಾಗದಲ್ಲಿ ಕೂತಿದ್ದರು. ನನಗೆ ಸಂತೋಷವಾಗಬೇಕಿತ್ತು. ಬಂದದ್ದು ಸಿಟ್ಟೇ. "ಇಷ್ಟು ದಿನ ಎಲ್ಲಿ ಹೋಗಿತ್ರೀ ಈ ಬುದ್ಧಿ? ಕಾಯಿ ಒಡೆಯೋವರೆಗೂ ಬಾಯಿ ಬಿಡಲಿಲ್ವಲ್ಲ" ಎಂದು ಕೂಗಾಡಿದೆ. ಕಣ್ಣಲ್ಲಿ ನೀರೂ ಬಂತು, ಅದಕ್ಕೂ ಸಿಟ್ಟು ಬಂತು.

ಅವರು ಪೂರ್ತಿ ಬೈಸಿಕೊಂಡರು. ಆಮೇಲೆ ಮೆಲ್ಲಗೆ, "ಅವರೆಲ್ಲ ನಾನು ಹೋದಮೇಲೆ ಮನೆ ಹೇಗಿರಬೇಕು ಅಂತ ಮಾತಾಡ್ತಿದ್ದಾರೆ ಕಣೇ. ನಾನಿನ್ನೂ ಇದೀನಿ" ಎಂದರು.

"ಅದನ್ನ ನನಗ್ಯಾಕೆ ಹೇಳ್ತೀರಾ? ನಾನು ದಿನಾ ಅದನ್ನೇ ಹೇಳ್ತಾ ಇದ್ದದ್ದು. ಕೆಳಗೆ ಹೋಗಿ ನಿಮ್ಮ ಅಣ್ಣನಿಗೆ ಹೇಳಿ" ಎಂದೆ.

ಅವರು ಎದ್ದು, ಇಳಿದು ಹೋಗಿ, ಹೇಳಿದರು.