ಬೆಲ್ಟು, ಬೇರಿಂಗುಗಳ ನಡುವಿನ ಸಾಲು

ಗೋಕಾಕದಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುವ ನಮ್ಮ ಕಚೇರಿಯ ಸರ್ವರ್ ನೋಡಿಕೊಳ್ಳುವವರು ಒಬ್ಬರಿದ್ದರು. ಬೆಳಿಗ್ಗೆ ಕಲ್ಲೋಳಿಯಿಂದ ಬಸ್ಸಿಗೆ ಬಂದು ಆ ತಣ್ಣನೆಯ ಕೋಣೆ ಸೇರಿದರೆ ಸಂಜೆಯೇ ಹೊರಬರುತ್ತಿದ್ದರು. ಕಂಪ್ಯೂಟರ್ ನಿಂತಾಗ ಮಾತ್ರ ಮೂಡಲಗಿ, ಹುಕ್ಕೇರಿಯ ನಮ್ಮ ಅಂಗಡಿಗಳಿಂದ ಅವರಿಗೆ ಫೋನ್ ಬರುತ್ತಿತ್ತು. "ಗಾಬರಿ ಆಗಬ್ಯಾಡ್ರಿ, ಎಲ್ಲಾ ಐತಿ," ಎನ್ನುತ್ತಿದ್ದರು.

ಒಮ್ಮೆ ಕಂಪ್ಯೂಟರಿನಲ್ಲಿ ಸಾಮಾನಿನ ಪಟ್ಟಿ ತಿದ್ದುವಾಗ ಬೆಲ್ಟು, ಬೇರಿಂಗುಗಳ ನಡುವೆ "ಊಟ ಆತೇನ್ರಿ?" ಎಂಬ ಸಾಲು ಕಂಡಿತು. ಯಾರದೋ ಚೇಷ್ಟೆ ಎಂದು ಅಳಿಸಿಬಿಟ್ಟೆ. ನನ್ನ ಅತಿಬುದ್ಧಿ.

ಮರುದಿನ ಅವರು ಊಟದ ಡಬ್ಬಿಯನ್ನೂ ಬಿಚ್ಚಲಿಲ್ಲ. ದಿನವೂ ಹಿಂದಿನ ರಾತ್ರಿ ತೆಗೆದಿಟ್ಟ ನಕಲನ್ನು, ಅಂದರೆ ಬ್ಯಾಕಪ್ಪನ್ನು, ತೆರೆದು ಆ ಸಾಲನ್ನು ಹುಡುಕುವುದು ಅವರ ಪರೀಕ್ಷೆಯಂತೆ. ಅದು ಸಿಕ್ಕರೆ ಎಲ್ಲವೂ ಇದೆ ಎಂದರ್ಥ. ಸಿಗದೆ, ಬ್ಯಾಕಪ್ಪೇ ಕೆಟ್ಟಿದೆಯೆಂದು ಸಂಜೆಯವರೆಗೆ ದೋಷ ಹುಡುಕಿದರು. ಕೊನೆಗೆ ನಾನು ತಪ್ಪೊಪ್ಪಿಕೊಂಡೆ.

"ಪರೀಕ್ಷಾಕ ಬ್ಯಾರೆ ಏನರ ಬರೀಬಹುದಿತ್ತಲ್ರಿ ಸರ?" ಎಂದು ಕೇಳಿದೆ.

"ಬರೀಬಹುದಿತ್ರಿ," ಎಂದವರು ಅದನ್ನೇ ಮತ್ತೆ ಟೈಪ್ ಮಾಡಿದರು.

ಮಾರನೆಯ ಮಧ್ಯಾಹ್ನ ನನ್ನ ಡಬ್ಬಿ ಹಿಡಿದು ಅವರ ಬೆನ್ನ ಹಿಂದೆ, ಬಾಗಿಲಲ್ಲಿ ನಿಂತು ಕೇಳಿದೆ: "ಊಟ ಆತೇನ್ರಿ?"

ಅವರು ತಿರುಗಲಿಲ್ಲ. ಪರದೆಯನ್ನೇ ನೋಡುತ್ತ, "ಇನ್ನೂ ಇಲ್ರಿ," ಎಂದರು.