ಡ್ರ್ಯಾಗ್ ರೇಸಿನವನ ಜೊತೆ ಮುದ್ದೇಬಿಹಾಳಕ್ಕೆ

ನಾವು ಇಂಡಿ ಬಿಟ್ಟಾಗ ಮಂಜು ಇನ್ನೂ ಲಿಂಬೆ ತೋಟಗಳ ಮೇಲಿಂದ ಎದ್ದಿರಲಿಲ್ಲ. ಪಿಕಪ್ ಗಾಡಿಯ ಹಿಂದೆ ತಾಡಪತ್ರಿ ಹೊದ್ದುಕೊಂಡು ಒಂದು ರೇಸ್ ಬೈಕು ಮಲಗಿತ್ತು. ಮುಂದೆ ಮಹಿಬೂಬ ಸ್ಟೇರಿಂಗ್ ಹಿಡಿದಿದ್ದ, ಪಕ್ಕದಲ್ಲಿ ನಾನು ಶಾಲು ಹೊದ್ದು ಅರೆನಿದ್ದೆಯಲ್ಲಿದ್ದೆ. ನನಗೆ ಮುದ್ದೇಬಿಹಾಳದಲ್ಲಿ ತಂಗಿಯ ಬಸುರಿ ಮಗಳ ಕುಬುಸದ ಕಾರ್ಯವಿತ್ತು. ಅವನು ಅಲ್ಲೇ ಇರುವ ಅಕ್ಕನ ಮನೆಯಲ್ಲಿ ಒಂದು ರಾತ್ರಿ ಉಳಿದು, ಮರುದಿನ ತಮಿಳುನಾಡಿನ ಕಡೆ ರೇಸಿಗೆ ಹೋಗುವವನಿದ್ದ. ನಾವಿಬ್ಬರೂ ಒಂದೇ ಓಣಿಯವರು. "ಬಸ್ಸಿನ್ಯಾಗ ಎರಡು ಕಡೆ ಇಳಿದು ಹತ್ತಿ ಯಾಕ ಹೈರಾಣ ಆಗ್ತೀರಿ ಮಾಸ್ತರ? ನನ್ನ ಗಾಡ್ಯಾಗ ಬರ್ರಿ" ಎಂದು ಅವನೇ ಕರೆದಿದ್ದ.

ನಾನು ಸಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು. ವೇಗವೆಂದರೆ ನನಗೆ ಮೊದಲಿನಿಂದಲೂ ಎದೆ ಡವಡವ. ರೇಸಿನವನ ಪಕ್ಕದಲ್ಲಿ ಕೂರುವುದೆಂದರೆ ಹೇಗೋ ಏನೋ ಎಂದು ಹೆದರಿಕೊಂಡೇ ಹತ್ತಿದ್ದೆ. ಆದರೆ ಈ ಮಹಾರಾಯ ನಲವತ್ತು ದಾಟಲೇ ಇಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ನಮ್ಮನ್ನು ಹಿಂದೆ ಹಾಕಿ, ಹಾಡು ಹಚ್ಚಿಕೊಂಡು ಮುಂದೆ ಹೋದವು. ನಗು ಬಂದು, "ಏನೋ ಮಹಿಬೂಬ, ಎತ್ತಿನ ಗಾಡಿ ಹೊಡದಂಗ ಹೊಡೀತೀಯಲ್ಲೋ" ಎಂದೆ. "ಅಲ್ಲಿ ಎದುರಿಗೆ ಯಾರೂ ಬರೂದಿಲ್ರಿ ಮಾಸ್ತರ. ಇಲ್ಲಿ ನಾಯಿ, ಎಮ್ಮಿ, ಮದುವಿ ದಿಬ್ಬಣ, ಎಲ್ಲಾ ಬರ್ತಾವು" ಎಂದ.

ಡ್ರ್ಯಾಗ್ ರೇಸೆಂದರೆ ಏನೆಂದು ನಾನು ಕೇಳಿ ತಿಳಿದುಕೊಂಡೆ. ಹಳೆಯ ವಿಮಾನಪಟ್ಟಿಯಂಥ ನೆಟ್ಟಗಿನ ದಾರಿ. ಎರಡು ಬೈಕುಗಳು ಪಕ್ಕಪಕ್ಕ ನಿಲ್ಲುತ್ತವೆ, ಹಸಿರು ದೀಪ ಹತ್ತುತ್ತದೆ, ಕಾಲು ಮೈಲಿಗೆ ಆಟ ಮುಗಿಯುತ್ತದೆ. ತಿರುವಿಲ್ಲ, ಏರಿಲ್ಲ. ಪುಣೆಯ ಒಂದು ಗ್ಯಾರೇಜಿನವರು ಇದಕ್ಕಾಗಿಯೇ ಅವನಿಗೆ ತಿಂಗಳ ಪಗಾರ ಕೊಡುತ್ತಾರೆ. ಒಂದು ಸೀನು ಸೀನಿ ಮುಗಿಸುವಷ್ಟರಲ್ಲಿ ಮುಗಿದುಹೋಗುವ ಕೆಲಸಕ್ಕೆ ಪಗಾರವೇ ಎಂದು ಬೆರಗಾಗುತ್ತ, ಕಿಟಕಿಯಾಚೆ ಮೆಲ್ಲಗೆ ಹಿಂದೆ ಸರಿಯುತ್ತಿದ್ದ ಬಿಳಿಜೋಳದ ಹೊಲಗಳನ್ನು ನೋಡುತ್ತ ಕೂತೆ. ತೆನೆಗಳ ಮೇಲೆ ಮಂಜು ಕರಗುತ್ತಿತ್ತು. ಎಚ್ಚರವಿದ್ದೆನೋ ನಿದ್ದೆಯಲ್ಲಿದ್ದೆನೋ ನನಗೇ ಗೊತ್ತಾಗುತ್ತಿರಲಿಲ್ಲ.

ಸಿಂದಗಿಯಲ್ಲಿ ಚಹಾಕ್ಕೆ ಇಳಿದೆವು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಂಡಕ್ಕಿಯ ಸುಸಲಾ, ಬಿಸಿ ಮಿರ್ಚಿ, ಹತ್ತು ರೂಪಾಯಿಗೆ ಗಟ್ಟಿ ಚಹಾ. ಮೂವತ್ತರ ಆಸುಪಾಸಿನ ಒಬ್ಬ ಹಾಲಿನ ವ್ಯಾಪಾರಿ ಬೈಕು ನಿಲ್ಲಿಸಿ ನೇರ ನಮ್ಮ ಬಳಿಗೆ ಬಂದ. "ಮಹಿಬೂಬಣ್ಣಾ ಅಲ್ಲೇನ್ರಿ? ಅಷ್ಟು ಜೋರ ಬಿದ್ದು ಬದುಕಿದವರು ನೀವ ಅಲ್ಲೇನ್ರಿ?" ಎಂದು ಕೈ ಹಿಡಿದು, ತನ್ನ ಅಂಗಿ ತೋಳನ್ನು ಮೇಲೆ ಸರಿಸಿದ. ಮಣಿಕಟ್ಟಿನಲ್ಲಿ ಕೆಂಪು ಲಾಡಿ, ಮೊಹರಮ್ಮಿನಲ್ಲಿ ಅಲಾಯಿ ದೇವರ ಮುಂದೆ ಜನ ಕಟ್ಟಿಸಿಕೊಳ್ಳುವ ನೂಲಿನ ದಾರ. "ಮುದ್ದೇಬಿಹಾಳಕ್ಕ ಹೋಗಿ ನಿಮ್ಮ ಅಕ್ಕಾರ ಕೈಲೇ ಕಟ್ಟಿಸ್ಕೊಂಡು ಬಂದೇನ್ರಿ. ಇನ್ನ ನನಗೇನೂ ಆಗೂದಿಲ್ಲ" ಎಂದು ನಕ್ಕ. ತಲೆಗೆ ಹೆಲ್ಮೆಟ್ಟಿಲ್ಲ, ಒಂದು ಟವೆಲ್ಲು ಸುತ್ತಿಕೊಂಡಿದ್ದ, ಅಷ್ಟೇ. ಮಹಿಬೂಬ ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಸಿಂದಗಿ ದಾಟಿದೆವು. ಬಿಸಿಲು ಹಿತವಾಗಿತ್ತು. ಕಡಲೆಯ ಹೊಲ, ಕುಸುಬೆಯ ಹೊಲ, ನಡುವೆ ಕರಿನೆಲ, ಮತ್ತೆ ಕಡಲೆ. ದಾರಿ ಎಲ್ಲಿಗೂ ಮುಟ್ಟಬೇಕಾದ ಅವಸರವಿಲ್ಲದಂತೆ ಬಿದ್ದುಕೊಂಡಿತ್ತು. ನಾನು ಮತ್ತೆ ತೂಕಡಿಸಿದೆ. ಎಚ್ಚರವಾದಾಗ ಬಸವನ ಬಾಗೇವಾಡಿಯ ಹೊರಗೆ ಒಂದು ಬೇವಿನ ಮರದ ಕೆಳಗೆ ಗಾಡಿ ನಿಂತಿತ್ತು. ನನ್ನ ಹೆಂಡತಿ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆ. ಎರಡು ತುತ್ತು ತಿಂದು ಮಹಿಬೂಬ ತಾನಾಗಿ ಬಾಯಿ ಬಿಟ್ಟ.

"ಆ ಲಾಡಿ ನನ್ನ ಉಳಿಸಲಿಲ್ರಿ ಮಾಸ್ತರ. ಉಳಿಸಿದ್ದು ಚರ್ಮದ ಸೂಟು, ಹೆಲ್ಮೆಟ್ಟು. ಲಾಡಿಯಿಂದ ನನ್ನ ಗೆಳೆಯಾನ ಕಾಲು ಮುರೀತು."

ನಡೆದದ್ದಿಷ್ಟು. ರೇಸ್ ಬೈಕಿಗೆ ಒಂದು ಹಗ್ಗವಿರುತ್ತದಂತೆ. ಒಂದು ತುದಿ ಎಂಜಿನ್ನಿನ ಸ್ವಿಚ್ಚಿಗೆ, ಇನ್ನೊಂದು ತುದಿಯ ಕೊಕ್ಕೆ ಸವಾರನ ಮಣಿಕಟ್ಟಿನ ಪಟ್ಟಿಗೆ. ಸವಾರ ಬಿದ್ದರೆ ಹಗ್ಗ ಜಗ್ಗಿ ಸ್ವಿಚ್ಚು ಕಿತ್ತು ಬಂದು ಎಂಜಿನ್ ಸತ್ತುಹೋಗಬೇಕು. ಮಹಿಬೂಬನ ಅಕ್ಕ ಹುಸೇನಬಿ ಪ್ರತಿ ರೇಸಿಗೂ ಮುಂಚೆ ಅವನ ಕೈಗೆ ಲಾಡಿ ಸುತ್ತಿ ಕಳಿಸುತ್ತಿದ್ದರು. ಕಳೆದ ವರ್ಷ ಯಾಕೋ ಹೆದರಿಕೆ ಹೆಚ್ಚಾಗಿ ದಪ್ಪಗೆ ಸುತ್ತಿದ್ದರು. ತಪಾಸಣೆಯ ಹೊತ್ತಿಗೆ ಇವನು ಪಟ್ಟಿಯನ್ನು ಲಾಡಿಯ ಮೇಲೆ ಹೇಗೋ ಒತ್ತಿ ಕೂರಿಸಿಕೊಂಡಿದ್ದ. ಸರದಿ ಬಂದಾಗ ಅದು ಬಿಚ್ಚಿಕೊಂಡಿತು. ಲಾಡಿಯ ದಪ್ಪಕ್ಕೆ ಮತ್ತೆ ಕೂರಲಿಲ್ಲ. ಹಿಂದಿನವರು ಕೂಗುತ್ತಿದ್ದರು. ಇವನು ಪಟ್ಟಿ ಎಸೆದು ಕೊಕ್ಕೆಯನ್ನು ಲಾಡಿಗೇ ಸಿಕ್ಕಿಸಿದ.

"ಅಕ್ಕ ಕಟ್ಟಿದ್ದು, ಇದಕ್ಕಿಂತ ಗಟ್ಟಿ ಯಾವುದೈತಿ ಅನಸ್ತುರಿ" ಎಂದ.

ಕಾಲು ಮೈಲಿ ಮುಗಿದಾಗ ಆಕ್ಸಿಲರೇಟರ್ ಸಿಕ್ಕಿಕೊಂಡಿತು. ಬೈಕು ನಡುಗಿ ಇವನನ್ನು ನೆಲಕ್ಕೆ ಒಗೆಯಿತು. ನೂಲು ಪಟ್ಟನೆ ಹರಿದುಹೋಯಿತು, ಸ್ವಿಚ್ಚು ಕಿತ್ತು ಬರಲಿಲ್ಲ. ಸವಾರನಿಲ್ಲದ ಬೈಕು ಗರ್ಜಿಸುತ್ತ ಮುಂದೆ ಓಡಿ, ದಾರಿಯ ಕೊನೆಯಲ್ಲಿ ಬೈಕುಗಳನ್ನು ಹಿಡಿದು ತರಲು ನಿಂತಿದ್ದ ಗೆಳೆಯ ಬಸುವಿನ ಕಾಲಿಗೆ ಬಡಿಯಿತು. ಇದು ಗ್ಯಾರೇಜಿನವರಿಗೂ ಬಸುವಿಗೂ ಗೊತ್ತು, ಅಕ್ಕನಿಗೆ ಗೊತ್ತಿಲ್ಲ. ಊರಲ್ಲಿ ಮಾತ್ರ ಕಥೆ ತಿರುಗಾಮುರುಗಾ ಆಗಿ, ಲಾಡಿ ತಮ್ಮನನ್ನು ಉಳಿಸಿತು ಎಂದು ಹಬ್ಬಿತು. ಬೈಕಿನವರು ಹುಸೇನಬಿಯ ಮನೆ ಹುಡುಕಿಕೊಂಡು ಬರತೊಡಗಿದರು.

"ಈಗ ಗ್ಯಾರೇಜಿನವರು, ಮಣಿಕಟ್ಟಿಗೆ ಒಂದು ಎಳಿ ದಾರ ಕಂಡ್ರೂ ಬೈಕ್ ಮುಟ್ಟಬ್ಯಾಡ ಅಂದಾರ. ಅಕ್ಕ ಇವತ್ತು ಕಟ್ಟಾಕ ಕುಂತಿರತಾಳ. ಕಟ್ಟಿಸ್ಕೊಂಡು ಊರ ದಾಟಿದ ಮ್ಯಾಲೆ ಕತ್ತರಿಸಿ ಒಗದ್ರಾತು ಅಂತ ಮಾಡೇನಿ."

ನಾನು ಉಳಿದ ರೊಟ್ಟಿಯನ್ನು ಮಡಚಿಟ್ಟೆ. ಅಕ್ಕನಿಗೆ ನಿಜ ಹೇಳಿಬಿಡು ಎನ್ನಲೂ ಧೈರ್ಯವಾಗಲಿಲ್ಲ, ಬೇಡ ಎನ್ನಲೂ ಮನಸ್ಸು ಬರಲಿಲ್ಲ. ತಾಯಿ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಆಕೆ.

ಗೊಳಸಂಗಿಯಲ್ಲಿ ಬಸುವಿನ ಹೊಲ ರಸ್ತೆಗೆ ಹತ್ತಿಕೊಂಡೇ ಇತ್ತು. ಎಳೆ ಜೋಳದ ತೆನೆ ಸುಟ್ಟು, ಬಡಿದು, ಸೀತನಿ ಮಾಡಿಟ್ಟು ನಮ್ಮ ದಾರಿ ಕಾಯುತ್ತಿದ್ದ. ಕೋಲು ಊರಿ ಎದ್ದು ಬಂದು ಮಹಿಬೂಬನ ಬೆನ್ನಿಗೆ ಒಂದು ಗುದ್ದಿದ. ಹೊಗೆಯ ವಾಸನೆಯ ಬಿಸಿ ಕಾಳು, ಬೆಲ್ಲ, ಕೊಲ್ಹಾರದ ಕೆನೆಮೊಸರು. ಅಂಥ ರುಚಿಯನ್ನು ನಾನು ಬಹಳ ವರ್ಷದಿಂದ ತಿಂದಿರಲಿಲ್ಲ. ಕಾಲು ಹೇಗಿದೆಯೆಂದು ಕೇಳಿದೆ. "ತಂಪ ಹತ್ತಿದಾಗ ಅಷ್ಟ ಮಾತಾಡ್ತೈತ್ರಿ" ಎಂದು ನಕ್ಕು, ಮಹಿಬೂಬನ ಕಡೆ ತಿರುಗಿದ.

"ಅಕ್ಕಾಗ ಹೇಳೀಯೇನ?"

"ಇಲ್ಲ."

"ನಮ್ಮೂರಾಗ ನಾಕೈದು ಮಂದಿ ಆಕಿ ಕಡೆ ಕಟ್ಟಿಸ್ಕೊಂಡು ಬಂದಾರ. ಒಬ್ಬನ ತಲಿ ಮ್ಯಾಲೂ ಹೆಲ್ಮೆಟ್ ಇಲ್ಲ. ನಾಳೆ ಯಾವನರೆ ಬಿದ್ದು ಸತ್ರ ಯಾರ ಹೆಸರು ಹೇಳ್ತಾರ? ನನ್ನ ಕಾಲಿಂದು ಬಿಡು. ನಿನಗ ಆಗಲಿಲ್ಲಂದ್ರ ನಾನ ಬಂದು ಹೇಳ್ತೇನಿ."

"ಬ್ಯಾಡ" ಎಂದ ಮಹಿಬೂಬ. "ನಾನ ಹೇಳಬೇಕು."

ನಿಡಗುಂದಿ ದಾಟುವಾಗ ಹೊತ್ತು ಇಳಿದಿತ್ತು. ದೂರದಲ್ಲಿ ಆಣೆಕಟ್ಟಿನ ಹಿನ್ನೀರು ಆಕಾಶದ ಬಣ್ಣವನ್ನೇ ಹೊದ್ದು ಮಲಗಿತ್ತು. ಎಲ್ಲಿ ನೀರು ಮುಗಿದು ಎಲ್ಲಿ ಬಾನು ಶುರುವಾಗುತ್ತದೋ ತಿಳಿಯುತ್ತಿರಲಿಲ್ಲ. ಬೆಳ್ಳಕ್ಕಿಗಳು ಹಾರುತ್ತಿದ್ದವೋ ನಿಂತಿದ್ದವೋ. ಈ ದಾರಿ ಮುಗಿಯುವುದೇ ಬೇಡ, ಹೀಗೇ ಹೋಗುತ್ತಿರೋಣ ಎನಿಸಿತು. ಮಹಿಬೂಬನಿಗೂ ಹಾಗೇ ಅನಿಸಿರಬೇಕು. ಗಾಡಿ ಇನ್ನಷ್ಟು ನಿಧಾನವಾಯಿತು.

ಮುದ್ದೇಬಿಹಾಳ ಬಂದೇ ಬಂತು. ಹುಸೇನಬಿ ದಪ್ಪ ಕನ್ನಡಕದ, ಬಾಯಿ ತುಂಬ ಮಾತಾಡುವ ಹೆಂಗಸು. "ಬರ್ರಿ ಮಾಸ್ತರ, ಕುಂಡ್ರರಿ, ಇವನ ಗಾಡ್ಯಾಗ ಕುಂತು ಜೀವಂತ ಬಂದ್ರಲ್ಲ" ಎಂದು ನಗಿಸಿ, ನೀರು ಕೊಟ್ಟು, ಚಹಾಕ್ಕಿಟ್ಟರು. ತಮ್ಮನ ಮುಂದೆ ಕೂತು ಸ್ಟೀಲ್ ಡಬ್ಬಿಯಿಂದ ಲಾಡಿಯ ಉಂಡೆ ತೆಗೆದರು. "ಕೈ ತಾ" ಎಂದರು. ಮಹಿಬೂಬ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ಅವನು ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿದ. ಒಲೆಯ ಮೇಲೆ ಚಹಾ ಉಕ್ಕಿತು, ಯಾರೂ ಏಳಲಿಲ್ಲ. ನಾನೇ ಹೋಗಿ ಗ್ಯಾಸು ಆರಿಸಿದೆ. ಆಗ ಹುಸೇನಬಿ ಕೇಳಿದರು.

"ಬಸುಂದು ಯಾವ ಕಾಲು?"

"ಎಡಗಾಲು."

"ಒಂದು ವರ್ಷ ಯಾಕ ಹೇಳಲಿಲ್ಲೋ?"

"ನಿನ್ನ ಮನಸಿಗೆ ಹತ್ತತೈತಿ ಅಂತ."

"ಹತ್ತೇತಿ" ಎಂದರು ಅವರು. "ಹತ್ತಲಿ." ಡಬ್ಬಿ ಮುಚ್ಚಿ ಒಳಗೆ ಹೋದರು. ನಾನು ಶಾಲು ಎತ್ತಿಕೊಂಡು ತಂಗಿಯ ಮನೆಗೆ ನಡೆದೆ. ಅಲ್ಲಿ ಹಸಿರು ಬಳೆ, ಹೂವು, ಹೋಳಿಗೆಯ ಸಡಗರ. ನನಗೆ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ.

ಬೆಳಿಗ್ಗೆ ಅವನನ್ನು ಕಳಿಸಿಕೊಡಲು ಹೋದೆ. ಬಾಗಿಲಲ್ಲಿ ತಾಳಿಕೋಟೆಯಿಂದ ಮೊದಲ ಬಸ್ಸಿಗೆ ಬಂದ ಒಬ್ಬ ತಾಯಿ ನಿಂತಿದ್ದರು. ಮಗ ಹೊಸ ಬೈಕು ತೆಗೆದುಕೊಂಡಿದ್ದಾನೆ, ಒಂದು ಲಾಡಿ ಕೊಡಿ ಎಂದು ಬೇಡುತ್ತಿದ್ದರು. ಹುಸೇನಬಿಯ ಕಣ್ಣುಗಳು ಕೆಂಪಾಗಿದ್ದವು. ಧ್ವನಿ ಮಾತ್ರ ಎಂದಿನಂತೆ ಜೋರಾಗಿತ್ತು.

"ನನ್ನ ದಾರಾ ಯಾರನ್ನೂ ಉಳಿಸಿಲ್ಲವಾ. ನನ್ನ ತಮ್ಮನ್ನ ಉಳಿಸಿದ್ದು ಹೆಲ್ಮೆಟ್ಟು. ಮೊದಲ ನಿನ್ನ ಮಗಗ ಅದನ್ನ ಕೊಡಿಸು. ಅದನ್ನ ಹಾಕ್ಕೊಂಡು ಅವನ ಬರಲಿ. ದಾರಾ ಬೇಕಂದ್ರ ಆ ಹೆಲ್ಮೆಟ್ಟಿಗೇ ಕಟ್ಟಿ ಕೊಡ್ತೇನಿ, ಕೈಗೆ ಕಟ್ಟೂದಿಲ್ಲ."

ಆ ತಾಯಿಗೆ ಸಿಟ್ಟು ಬಂತು. ಇಷ್ಟು ದೂರ ಬಂದದ್ದು ಇದನ್ನು ಕೇಳಲಿಕ್ಕೇನು ಎಂದು ಗೊಣಗುತ್ತ ಹೋದರು. ಓಣಿಯವರೆಲ್ಲ ಬಾಗಿಲಿಗೆ ಬಂದು ಕೇಳಿಸಿಕೊಂಡರು. ಹುಸೇನಬಿ ಯಾರ ಮುಖವನ್ನೂ ನೋಡಲಿಲ್ಲ. 

ಮಹಿಬೂಬ ಗಾಡಿ ಹತ್ತಿ ಎಂಜಿನ್ ಚಾಲೂ ಮಾಡಿದ. ಕಿಟಕಿಯಿಂದ ಬಲಗೈ ಹೊರಗೆ ಚಾಚಿ "ಬರ್ತೇನಿ ಅಕ್ಕಾ" ಎಂದ. ಹುಸೇನಬಿ ಬಂದು ಆ ಬರಿಯ ಮಣಿಕಟ್ಟನ್ನು ಎರಡೂ ಕೈಗಳಿಂದ ಸುತ್ತಿ ಹಿಡಿದರು. ಅವನು ಕಾದ. ಅವರು ಬಿಡಲಿಲ್ಲ.

"ಅಕ್ಕಾ, ಅದು ಬ್ಯಾಡ ಅಂತ ಹೇಳೇನಲ್ಲ."

"ಕಟ್ಟಾಕತ್ತಿಲ್ಲೋ" ಎಂದರು. "ಹಿಡಕೊಂಡೇನಿ, ಅಷ್ಟ."

ಗಾಡಿ ಮೆಲ್ಲಗೆ ಜರುಗಿತು. ಓಣಿಯ ಕೊನೆಯವರೆಗೂ ಅವರು ಆ ಕೈ ಹಿಡಿದುಕೊಂಡೇ ಪಕ್ಕದಲ್ಲಿ ನಡೆದರು.