ಪೂಜೆಯ ಮಣೆಯ ಪಕ್ಕದ ತಟ್ಟೆ

ಅವ್ವನಿಗೆ ಅಲ್ಜೈಮರ್ ಎಂದು ಡಾಕ್ಟರು ಹೇಳಿದಾಗ ನಮಗೆ ಮರೆವಿಗಿಂತ ಅವಳ ಊಟದ ಚಿಂತೆಯೇ ದೊಡ್ಡದಾಗಿತ್ತು. ಲಿಂಗಪೂಜೆ ಮಾಡದೆ ಅವ್ವ ಎಂದೂ ಬಾಯಿಗೆ ತುತ್ತು ಇಟ್ಟವಳಲ್ಲ. ಈಗ ಪೂಜೆ ಮುಗಿಸಿ, ಲಿಂಗವನ್ನು ಕೊರಳಿನ ಕರಡಿಗೆಯಲ್ಲಿಟ್ಟು, ಚಾಮರಾಜನಗರದ ನಮ್ಮ ಮನೆಯ ನಡುಮನೆ ದಾಟಿ ಅಡುಗೆಮನೆಗೆ ಬರುವಷ್ಟರಲ್ಲಿ ಮಾಡಿದ್ದೇ ಮರೆತುಹೋಗುತ್ತಿತ್ತು. ತಟ್ಟೆ ಕಂಡ ಕೂಡಲೇ ಪೂಜೆಗೆಂದು ಮತ್ತೆ ಹಿಂದಕ್ಕೆ. ಈಗ ತಾನೇ ಆಯಿತಲ್ಲ ಎಂದರೆ ನನ್ನನ್ನೇ ಗದರುತ್ತಿದ್ದಳು.

"ಲಿಂಗಕ್ಕೆ ನೀರು ಬುಡ್ದೆ ಉಣ್ಣು ಅಂತೀಯಲ್ಲ, ಯಾರ್ಲಾ ನಿಂಗೆ ಬುದ್ಧಿ ಕಲಿಸ್ದೋರು?"

ಕಲಿಸಿದವಳು ಅವಳೇ. ದಿನದಿನಕ್ಕೆ ರವಿಕೆಯ ತೋಳು ಜೋಲುವಷ್ಟು ಸೊರಗಿದಳು.

ಮೈಸೂರಿಗೆ ಹೋಗಿ ವಯಸ್ಸಾದವರ ಆರೈಕೆ ಮನೆಯೊಂದನ್ನು ನೋಡಿ ಬಂದೆ. ಚೊಕ್ಕಟವಾಗಿತ್ತು, ನರ್ಸುಗಳ ಮಾತು ಮೃದುವಾಗಿತ್ತು. ಊಟಕ್ಕೆ ಬೆಲ್ಲು ಹೊಡೆದರೆ ಎಲ್ಲರೂ ಊಟದ ಕೋಣೆಗೆ ನಡೆದು ಹೋಗಬೇಕು. ಅಲ್ಲಿಗೇ ಸೇರಿಸುವುದೆಂದು ಮನಸ್ಸು ಮಾಡಿ, ಎಸ್‌ಟಿಡಿ ಬೂತಿನಿಂದ ಗುಂಡ್ಲುಪೇಟೆಯ ತಂಗಿಗೆ ಹೇಳಿದೆ. ಅವಳು ಜಗಳ ಮಾಡಲಿಲ್ಲ.

"ಒಂದ್ವಾರ ನನ್ ತಾವ ಬುಡಣ್ಣ. ಉಂಡ್ರೆ ಇಲ್ಲೇ ಇರ್ಲಿ. ಉಣ್ನಿಲ್ಲ ಅಂದ್ರೆ ನಾನೇ ಮೈಸೂರ್ಗೆ ಕರ್ಕೊಂಡೋಯ್ತೀನಿ."

ಅವ್ವನನ್ನು ಬಿಟ್ಟು ಬಂದೆ. ವಾರ ಕಳೆದ ಮೇಲೆ ನಾನು ಹೋದಾಗ, ಈರುಳ್ಳಿ ಮಂಡಿಯ ಹಿಂದಿನ ತಂಗಿಯ ಮನೆಯಲ್ಲಿ, ಲಾರಿಗಳ ಸದ್ದಿನ ನಡುವೆ, ತಾಯಿ ಮಗಳು ಎದುರುಬದುರು ಪೂಜೆಗೆ ಕೂತಿದ್ದರು. ಅವ್ವನ ಜೊತೆಗೇ ಮಾಡಲೆಂದು ತಂಗಿ ತನ್ನ ಪೂಜೆಯನ್ನು ತಡೆದಿಟ್ಟುಕೊಂಡು ಬೆಳಗಿನಿಂದ ಏನೂ ತಿಂದಿರಲಿಲ್ಲ. ಮಣೆಯ ಪಕ್ಕದಲ್ಲೇ ಮುದ್ದೆ, ಉಪ್ಸಾರು ಮುಚ್ಚಿಟ್ಟಿದ್ದಳು. ಅವ್ವ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಗೆ ಇಟ್ಟಳು; ಏಳುವ ಮೊದಲೇ ತಟ್ಟೆ ಮುಂದೆ ಬಂತು. ಅಂಗೈಯ ನೀರಿನ್ನೂ ಆರಿರಲಿಲ್ಲ, ಹಣೆಯ ವಿಭೂತಿ ಹಸಿಯಾಗಿತ್ತು. ಮಗಳು ತುತ್ತು ಮುರಿದದ್ದನ್ನು ನೋಡಿ ಅವ್ವನೂ ಮುರಿದಳು. ಉಂಡಳು.

ಇದು ಹೇಗೆ ಹೊಳೆಯಿತು ಎಂದು ತಂಗಿಯನ್ನು ಕೇಳಿದೆ.

"ಎದ್ದು ನಡ್ದ್ರೆ ಮರೀತಾಳೆ. ನಡ್ಸದ್ಯಾಕೆ ಅನ್ನುಸ್ತು ಕಣಣ್ಣ, ಅಷ್ಟೆಯಾ."

ಅಷ್ಟೇ ಆಗಿರಲಿಲ್ಲ. ದಿನವೂ ಹಸಿದುಕೊಂಡು ಕಾಯುವುದು ಸುಲಭವಲ್ಲ. ನಾನಾಗಿದ್ದರೆ ಕಾಯುತ್ತಿದ್ದೆನೋ ಇಲ್ಲವೋ.

ಅವ್ವ ತಲೆಯೆತ್ತಿ ನನ್ನನ್ನು ನೋಡಿದಳು. "ಯಾರಮ್ಮಿ ಅದು?"

"ನಂಟ್ರು ಕಣವ್ವ. ಅಸ್ಕೊಂಡ್ ಬಂದವ್ರೆ," ಅಂದಳು ತಂಗಿ.

ಅವ್ವ ಸರಿದು ಜಾಗ ಬಿಟ್ಟಳು. "ಪೂಜೆ ಮಾಡ್ಕಳಪ್ಪ, ಉಣ್ಣನ."

ಕೈಕಾಲು ತೊಳೆದು ಬಂದು ಅವಳ ಪಕ್ಕ ಕೂತೆ. ಮೈಸೂರಿನ ಮಾತನ್ನು ನಾನು ಮತ್ತೆ ಎತ್ತಲಿಲ್ಲ.